ಗಂಟೆಗುಂಡಿನ ಮೇಲೆ ಊಟ

ಮದುವೆಯಾಗಿ ಆಂಡರ್ಸನ್‌ಪೇಟೆಯ ಮನೆಗೆ ಕಾಲಿಟ್ಟ ನಾಲ್ಕನೆಯ ದಿನ ನಾನು ಒರಳಿನಲ್ಲಿ ಒಣಮೆಣಸಿನಕಾಯಿ ಕುಟ್ಟಲು ನಿಂತೆ. ಮೂರು ಏಟು ಹಾಕಿದೆ, ಘಾಟು ಮೂಗಿಗೆ ಹತ್ತಿತು, ಸೀನಲೆಂದು ಒನಕೆ ನಿಲ್ಲಿಸಿದೆ. ಅಷ್ಟಕ್ಕೇ ಜಗಲಿಯ ಮೇಲೆ ಮಲಗಿದ್ದ ಮಾವ ಬರಿಗಾಲಲ್ಲಿ ಒಳಗೆ ಓಡಿಬಂದು ಗೋಡೆಗೆ ಕಿವಿ ಹಚ್ಚಿ ನಿಂತುಬಿಟ್ಟರು. ಅವರ ಮುಖ ನೋಡಿ ನನಗೆ ಸೀನು ಒಳಗೇ ಇಂಗಿಹೋಯಿತು. ಹಿತ್ತಲಲ್ಲಿದ್ದ ಅತ್ತೆ ಬಂದವರೇ ನನ್ನ ಕೈಯಿಂದ ಒನಕೆ ಕಿತ್ತುಕೊಂಡು ದಬದಬನೆ ಹತ್ತಿಪ್ಪತ್ತು ಏಟು ಹಾಕಿದರು. ಆಗ ಮಾವ ನಿಧಾನವಾಗಿ ಗೋಡೆ ಬಿಟ್ಟು ಹೊರಗೆ ಹೋದರು.

"ಮೂರು ಆಕಿ ನಿಲ್ಲಿಸ್ಬ್ಯಾಡ ಕಣಮ್ಮಿ. ನಾಕು ಆಕು, ನಲವತ್ತು ಆಕು. ಈ ಮನೇಲಿ ಮೂರು ಮಾತ್ರ ಬ್ಯಾಡ," ಅಂದರು ಅತ್ತೆ.

ನಾನು ಬಂಗಾರಪೇಟೆ ಕಡೆಯ ಹಳ್ಳಿಯವಳು. ಅಪ್ಪನಿಗೆ ಒಂದಿಷ್ಟು ರಾಗಿ ಹೊಲ, ಎರಡು ಎಮ್ಮೆ, ಬಾವಿಯ ಪಕ್ಕ ಸಾಲಾಗಿ ಹುಣಸೆ ಮರಗಳು ಇದ್ದವು. ಗಂಡುಮಕ್ಕಳ ನಡುವೆ ಒಬ್ಬಳೇ ಮಗಳಾಗಿ ಬೆಳೆದು ನನ್ನ ಬಾಯಿ ಸ್ವಲ್ಪ ಉದ್ದವೇ ಆಗಿತ್ತು. ಚಿನ್ನದ ಗಣಿಯ ಊರಿಗೆ ಕೊಡುತ್ತಾರೆ ಅಂದಾಗ ಏನೇನೋ ಕನಸು ಕಂಡಿದ್ದೆ. ಬಂದು ನೋಡಿದರೆ ಒಂದು ನೆಟ್ಟಗಿನ ಮರವಿಲ್ಲ. ಕಿಟಕಿ ತೆರೆದರೆ ಗಣಿಯ ಮಣ್ಣು ಸುರಿದು ಬೆಳೆದ ಬೋಳು ಗುಡ್ಡ, ಗಾಳಿ ಬೀಸಿದರೆ ಅದರ ಧೂಳು ಅನ್ನದ ಮೇಲೆ. ಆಗಾಗ ನೆಲದೊಳಗೆ ಎಲ್ಲೋ ಬಂಡೆ ಸಿಡಿದು ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಕೇರಿಯವರು ಅದನ್ನು ಏರ್‌ಬ್ಲಾಸ್ಟ್ ಅಂತ ಕರೆದು, ಒಂದು ಗಳಿಗೆ ಮಾತು ನಿಲ್ಲಿಸಿ, ಮತ್ತೆ ಮಾತಾಡುತ್ತಿದ್ದರು. ಈ ಊರಿನವರಿಗೆಲ್ಲ ತಲೆ ಕೆಟ್ಟಿದೆ ಅಂತ ನಾನು ಮೊದಲ ವಾರವೇ ತೀರ್ಮಾನ ಮಾಡಿಬಿಟ್ಟೆ.

ಮಾವನ ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿತ್ತು. ಅವರು ಕೂತು ಊಟ ಮಾಡುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ದೂರದಲ್ಲಿ ಕಾಣುವ ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ, ಕಬ್ಬಿಣದ ಗೋಪುರ ನೋಡುತ್ತ, ನಾಲ್ಕೈದು ತುತ್ತು ನುಂಗಿ ಕೈ ತೊಳೆಯುತ್ತಿದ್ದರು. ಒಂದು ದಿನ ನಾನು ತಡೆಯಲಾರದೆ, "ಯಾಕ್ ಮಾವ, ರೈಲಿಗೆ ಒತ್ತಾಯ್ತಾ?" ಅಂತ ನಗೆಯಾಡಿದೆ. ಅವರು ನಕ್ಕರು. ಆದರೆ ನನ್ನ ಗಂಡ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಅತ್ತೆಯೇ ಹೇಳಿದರು. ಪುಷ್ಯದ ಚಳಿ, ಅವರೆಕಾಯಿಯ ಕಾಲ. ಹಿತ್ತಲ ಬಿಸಿಲಲ್ಲಿ ಇಬ್ಬರೂ ಕಾಯಿ ಸುಲಿಯುತ್ತಿದ್ದೆವು.

ಮಾವ ಶಾಫ್ಟಿನ ಬಾಯಲ್ಲಿ ಗಂಟೆ ಹೊಡೆಯುವ ಆಳಾಗಿದ್ದರಂತೆ. ಪಂಜರದಂಥ ತೊಟ್ಟಿಲಲ್ಲಿ ಆಳುಗಳನ್ನು ಕೆಳಗಿಳಿಸಬೇಕಾದರೂ ಮೇಲೆತ್ತಬೇಕಾದರೂ ಗಂಟೆಯ ಲೆಕ್ಕದಲ್ಲೇ ಇಂಜಿನ್ ಮನೆಗೆ ಹೇಳಬೇಕು. ಮೂರು ಏಟು ಅಂದರೆ ಆಳಿದ್ದಾರೆ. ಆಮೇಲೆ ಎರಡು ಅಂದರೆ ಇಳಿಸು, ಒಂದು ಅಂದರೆ ಎತ್ತು. ಇಷ್ಟು ಲೆಕ್ಕ ಆ ಕೇರಿಯ ಹಾಲುಗೂಸಿಗೂ ಗೊತ್ತಿತ್ತು. ನಾನು ಬರುವುದಕ್ಕೆ ಆರು ವರ್ಷ ಮೊದಲು ಕೆಳಗೆ ಬಂಡೆ ಸಿಡಿದು ಒಂದು ಸುರಂಗ ಮುಚ್ಚಿಹೋಯಿತು. ಆ ಕಡೆ ಸಿಕ್ಕಿಕೊಂಡವನು ಈ ಮನೆಯ ಹಿರಿಯ ಮಗ, ನನ್ನ ಗಂಡನ ಅಣ್ಣ. ಬಂಡೆಯ ನಡುವೆ ಹಾದುಹೋಗಿದ್ದ ಗಾಳಿಯ ಪೈಪಿನ ಮೇಲೆ ಅವನು ಮೂರು ಏಟು ತಟ್ಟುತ್ತಿದ್ದ. ಮಾವನ ಕಿವಿ ಚುರುಕು ಅಂತ ಅವರನ್ನೇ ಕೆಳಗೆ ಕರೆದೊಯ್ದರು. ಅವನು ಮೂರು ತಟ್ಟಿದರೆ ಇವರು ಮೂರು ತಟ್ಟಬೇಕು. ಬಂಡೆ ತಟ್ಟಿದ ಸದ್ದು ಕೇಳಿದ ಮೇಲೆ ಉತ್ತರ ಕೊಡದೆ ಬಿಡಬಾರದು, ಅದು ಗಣಿಯವರ ನೇಮ. ಉತ್ತರ ಬರುವ ತನಕ ಒಳಗಿರುವವನು ಉಸಿರು ಹಿಡಿದುಕೊಂಡಿರುತ್ತಾನೆ. ಎರಡು ದಿನ ಹಾಗೇ ನಡೆಯಿತು.

"ಮೂರ್ನೇ ದಿನ ಇವರು ಉಣ್ಣಾಕೆ ಮೇಲಕ್ಕೆ ಬಂದ್ರು," ಅಂದರು ಅತ್ತೆ. "ಉಂಡು, ಗ್ವಾಡೆಗೆ ಒರಗಿ ಚೂರು ಕಣ್ಣು ಮುಚ್ಚಿದ್ರು. ತಿರುಗಾ ಕೆಳಕ್ಕೋಗಿ ತಟ್ಟಿದ್ರೆ ಮಾತೇ ಇಲ್ಲ. ಅವತ್ತಿಂದ ಕೂತು ಉಂಡಿಲ್ಲ."

ಅತ್ತೆಯ ಕೈ ಅವರೆಕಾಯಿ ಸುಲಿಯುತ್ತಲೇ ಇತ್ತು. ನನಗೆ ನಾಚಿಕೆಯಾಯಿತು. ಆ ರೈಲಿನ ಮಾತು ಈಗಲೂ ನೆನಪಾದರೆ ನಾಲಗೆ ಕಚ್ಚಿಕೊಳ್ಳುತ್ತೇನೆ.

ಆದರೂ ಬೆಟ್ಟಕ್ಕೆ ಹೋಗೋಣ ಅಂತ ಹಟ ಹಿಡಿದವಳು ನಾನೇ. ಕಾಮಸಮುದ್ರದ ಕಾಡಿನಲ್ಲಿ, ನಮ್ಮ ಸೀಮೆ ಮುಗಿಯುವ ಕಡೆ, ಗಂಟೆಗುಂಡು ಅಂತ ಒಂದು ಬೆಟ್ಟವಿದೆ, ಅದರ ನೆತ್ತಿಯ ಬಂಡೆಗೆ ಕಲ್ಲಿನಿಂದ ಬಡಿದರೆ ಕಂಚಿನ ಗಂಟೆಯ ಹಾಗೆ ಮೊಳಗುತ್ತದೆ, ಅಲ್ಲಿ ನಿಂತರೆ ಮೂರು ರಾಜ್ಯ ಕಾಣುತ್ತವೆ ಅಂತ ನೀರಿನ ನಲ್ಲಿಯ ಬಳಿ ಯಾರೋ ಹೇಳಿದ್ದರು. ನನಗೆ ಮೂರು ರಾಜ್ಯ ಬೇಕಿರಲಿಲ್ಲ, ಮೂರು ಮರ ಕಂಡರೆ ಸಾಕಿತ್ತು. ನೆಲದ ಮೇಲಿನ ವರ್ಕ್‌ಶಾಪಿನಲ್ಲಿ ಲೇತು ತಿರುಗಿಸುತ್ತಿದ್ದ ನನ್ನ ಗಂಡನಿಗೆ ಭಾನುವಾರ ರಜೆ. ಅಣ್ಣ ಹೋದ ಮೇಲೆ ಅವರನ್ನು ಗಣಿಯೊಳಗೆ ಇಳಿಯಲು ಅತ್ತೆ ಬಿಟ್ಟಿರಲಿಲ್ಲ. ಮಾವ ಮೊದಲು ಒಲ್ಲೆ ಅಂದರು. "ಮಗು ಬಾಯಿ ಬಿಟ್ಟು ಕೇಳ್ತಾವಳೆ, ಬನ್ನಿ," ಅಂದರು ಅತ್ತೆ. ಬಂದರು.

ಬೆಳಗಿನ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿ ಜೋಲಾರಪೇಟೆ ಪ್ಯಾಸೆಂಜರ್ ಹತ್ತಿ ಕಾಮಸಮುದ್ರದಲ್ಲಿ ಇಳಿದೆವು. ಅಲ್ಲಿಂದ ನಡಿಗೆ. ಅತ್ತೆಯ ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್, ಒಳಗೆ ಚಿತ್ರಾನ್ನ, ಹಿದುಕಿದ ಬೇಳೆಯ ಸಾರು, ಅನ್ನ, ಮೊಸರು. ಕೊಯ್ದ ರಾಗಿ ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಹೊಲ ಮುಗಿದು ಕಾಡು ಶುರುವಾಯಿತು. ಬಿದಿರು, ದಿಂಡಿಗ, ಕಗ್ಗಲಿ ಮರಗಳು. ನಾನು ಒಂದೊಂದನ್ನೂ ಮುಟ್ಟಿ ಮುಟ್ಟಿ ನಡೆದೆ. ದಾರಿಯಲ್ಲಿ ಆನೆಯ ಲದ್ದಿ ಬಿದ್ದಿತ್ತು, ಒಣಗಿ ಎರಡು ದಿನವಾಗಿತ್ತು. ನನ್ನ ಗಂಡ ಅದನ್ನು ಕಂಡ ಮೇಲೆ ಗುನುಗುವುದು ನಿಲ್ಲಿಸಿದರು.

ಮೇಲೇರಿದಷ್ಟೂ ಸದ್ದು ಕಡಿಮೆಯಾಗುತ್ತ ಬಂತು. ಕೆಳಗೆ ಗುಬ್ಬಿ, ಗೊರವಂಕ ಎಲ್ಲ ಕೂಗುತ್ತಿದ್ದವು, ನೆತ್ತಿ ಹತ್ತಿರವಾದಾಗ ಒಂದೂ ಇಲ್ಲ. ಗಾಳಿಯೂ ನಿಂತಿತ್ತು. ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಬೆಟ್ಟದ ಮೇಲೆ ಒಬ್ಬಳು ಮುದುಕಿ ಮೇಕೆ ಮೇಯಿಸುತ್ತಿದ್ದಳು, ತೆಲುಗು ಕನ್ನಡ ಬೆರೆಸಿ ಮಾತಾಡುವ ಹೆಂಗಸು. ಮೇಕೆಗಳು ಕಡಿದಾದ ಕಲ್ಲುಗಳ ಮೇಲೆಲ್ಲ ಹತ್ತಿ ಇಳಿಯುತ್ತಿದ್ದವು, ಆದರೆ ನಡುವೆ ಹಾಸಿಕೊಂಡಿದ್ದ ಆ ದೊಡ್ಡ ಕಪ್ಪು ಬಂಡೆಗೆ ಒಂದೂ ಕಾಲಿಡುತ್ತಿರಲಿಲ್ಲ.

"ಇದೇನಾ ಗಂಟೆಗುಂಡು?" ಅಂತ ಕೇಳಿದೆ.

"ಅವುನಮ್ಮಾ, ಇದೇನೇ. ಒಂದು ಕಿತ ಬಡ್ದು ಕೇಳಿ, ಓಗ್ಬಿಡಿ. ಸುಮ್ಸುಮ್ನೆ ಬಡೀಬ್ಯಾಡಿ," ಅಂದಳು ಮುದುಕಿ.

ಮೂರು ರಾಜ್ಯಗಳೂ ಕಂಡವು. ಒಂದು ಕಡೆ ನಮ್ಮ ಮೈಸೂರು ಸೀಮೆ, ಒಂದು ಕಡೆ ಆಂಧ್ರ, ಮತ್ತೊಂದು ಕಡೆ ಮದ್ರಾಸು. ಮೂರರಲ್ಲೂ ಅದೇ ಕಾಡು, ಅದೇ ಬಿಸಿಲು. "ಇಲ್ಲಿಂದ ಉಗುಳಿದ್ರೆ ಮದ್ರಾಸಿಗೆ ಬೀಳ್ತದೆ," ಅಂತ ನನ್ನ ಗಂಡ ಅಂದರು. "ಉಗುಳಿ, ನಿಮ್ಮನ್ನ ಇಡ್ಕೊಂಡೋಗಾಕೆ ಪೋಲೀಸ್ನೋರು ಬತ್ತಾರೆ," ಅಂದೆ. ಬಡಗಣ ದಿಕ್ಕಿನ ಮಬ್ಬಿನಲ್ಲಿ ನಮ್ಮೂರಿನ ಬೋಳು ಗುಡ್ಡಗಳೂ ಬೆಳ್ಳಗೆ ಕಾಣುತ್ತಿದ್ದವು. ಮಾವ ಅವನ್ನೇ ನೋಡುತ್ತ ಬಂಡೆಯ ಅಂಚಿನಲ್ಲಿ ನಿಂತಿದ್ದರು. ಅಷ್ಟು ದೂರ ಬಂದರೂ ಅವರು ಬಾಗಿಲಲ್ಲೇ ನಿಂತಿದ್ದರು ಅಂತ ನನಗೆ ಅನ್ನಿಸಿತು.

ಬಂಡೆಯ ಮೇಲೆ ಬಡಿದು ಬಡಿದು ಬಟ್ಟಲಿನಷ್ಟು ಗುಳಿ ಬಿದ್ದಿತ್ತು, ಅದರಲ್ಲೊಂದು ಉಂಡೆಗಲ್ಲು. ನಾನು ಎತ್ತಿ ಒಂದು ಏಟು ಹಾಕಿದೆ. ಎಂಥ ನಾದ! ಕಾಲಿನಿಂದ ಹಲ್ಲಿನ ತನಕ ಝುಮ್ಮೆಂದಿತು. ಖುಷಿ ತಡೆಯಲಾಗಲಿಲ್ಲ. ಮನೆಯಲ್ಲಿ ಒನಕೆ ಎತ್ತಲೂ ಹೆದರಬೇಕಾದ ನಾನು ಇಲ್ಲಿ ಮನಸಾರೆ ಬಡಿದೆ. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ಕೈಯೆತ್ತಿದಾಗ ಬೆವೆತ ಅಂಗೈಯಿಂದ ಕಲ್ಲು ಜಾರಿ ಹುಲ್ಲಿನಲ್ಲಿ ಬಿತ್ತು.

ಮೂರು. ಲೆಕ್ಕ ನನಗೆ ಆಮೇಲೆ ಹೊಳೆಯಿತು. ನಾದ ಅಡಗಿತು. ಆಮೇಲೆ ಕೆಳಗಿನಿಂದ, ಬಂಡೆಯ ಒಳಗಿನಿಂದಲೋ ಏನೋ, ಸದ್ದು ಬಂತು. ಟೊಕ್. ಟೊಕ್. ಟೊಕ್.

ಅದು ಮಾರ್ದನಿಯಲ್ಲ. ನನ್ನ ಏಟು ಗಂಟೆಯ ಹಾಗೆ ಮೊಳಗಿತ್ತು, ಇದು ಮಂದವಾಗಿತ್ತು, ಮಣ್ಣಿನ ಆ ಕಡೆಯಿಂದ ಬಂದ ಹಾಗಿತ್ತು. ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುವಂಥ ಸದ್ದು.

ಮಾವ ತಿರುಗಿದರು. "ಒಳಗೆ ಆಳು ಅವ್ನೆ," ಅಂದರು.

ಹುಲ್ಲಿನಲ್ಲಿ ಬಿದ್ದ ಕಲ್ಲನ್ನು ತಡಕಿ ತಂದು, ಮಂಡಿಯೂರಿ, ಬಂಡೆಗೆ ಕಿವಿಯಿಟ್ಟು ಮೂರು ತಟ್ಟಿದರು. ಕಾದರು. ಕೆಳಗಿನಿಂದ ಮೂರು ಬಂತು. ಮತ್ತೆ ತಟ್ಟಿದರು. ಮತ್ತೆ ಬಂತು.

ಮೇಕೆಯ ಮುದುಕಿ ನಕ್ಕಳು. "ಅದಾ ಸಾಮಿ? ಆ ಕಡೆ ಇಳಿಜಾರಲ್ಲಿ ಒಲ ಕಾಯೋರು ಇರ್ತಾರೆ. ಆನೆ ಬತ್ತದಲ್ಲ, ಅದಕ್ಕೆ ಬಂಡೆ ತಟ್ತಾರೆ. ನೀನು ಎದ್ದಿದೀಯಾ ಅಂತ ಇವನು ತಟ್ಟಿದ್ರೆ, ಎದ್ದಿದೀನಿ ಅಂತ ಅವನು ತಟ್ಟಬೇಕು. ಮೂರೇ ಏಟು."

ನನಗೆ ಹೋದ ಜೀವ ಬಂದಂತಾಯಿತು. ಆದರೆ ಮಾವ ತಲೆಯೆತ್ತದೆ ಕೇಳಿದರು: "ರಾಗಿ ಕುಯ್ದು ತಿಂಗಳಾಯ್ತು. ಬರ್ತಾ ನೋಡಿದ್ನಲ್ಲ, ಕೂಳೆ ಐತೆ. ಈಗ ಏನು ಕಾಯ್ತಾರೆ?"

ಮುದುಕಿ ಹೊತ್ತಿಗೆ ಮೊದಲೇ ಮೇಕೆಗಳನ್ನು ಕೂಡಿಸತೊಡಗಿದಳು. "ವಸ್ತಾನಮ್ಮಾ, ಬತ್ತೀನಿ," ಅಂತ ನನಗೆ ಮಾತ್ರ ಹೇಳಿ, ಹಿಂದಿರುಗಿ ನೋಡದೆ ಇಳಿದುಹೋದಳು.

ನನ್ನ ಗಂಡ ನೋಡಿಕೊಂಡು ಬರುತ್ತೇನೆ ಅಂತ ಆ ಕಡೆಯ ಇಳಿಜಾರಿಗೆ ಹೋದರು. ಅವರು ಹೋಗಿ ಬರುವ ತನಕವೂ ಮಾವ ತಟ್ಟುತ್ತಿದ್ದರು, ಉತ್ತರ ಬರುತ್ತಿತ್ತು. ಗಂಡ ತರಚಿದ ಮೊಣಕೈಯೊಂದಿಗೆ ಬಂದರು. ಕಾವಲಿನ ಅಟ್ಟಣೆಯೇನೋ ಇದೆ, ಏಣಿ ತೆಗೆದಿಟ್ಟಿದ್ದಾರೆ, ಸುತ್ತ ಮುಳ್ಳು ಹಚ್ಚಿದ್ದಾರೆ, ಒಂದು ನರಪಿಳ್ಳೆಯೂ ಇಲ್ಲ ಅಂದರು.

"ಈಗಲೂ ತಟ್ತಾ ಇದ್ರಲ್ಲ! ನಿಮ್ಗೆ ಕೇಳಿಸ್ಲಿಲ್ವಾ?" ಅಂದೆ.

"ಅಲ್ಲಿಗೆ ಏನೂ ಕೇಳಿಸ್ಲಿಲ್ಲ. ಅಪ್ಪ ಬಡಿಯೋದೂ ಕೇಳಿಸ್ಲಿಲ್ಲ," ಅಂದರು ನನ್ನ ಗಂಡ.

ಬಿಸಿಲು ವಾಲಿತು. ಸಂಜೆಯ ಪ್ಯಾಸೆಂಜರ್ ತಪ್ಪಿದರೆ ಆ ಕಾಡಿನಲ್ಲಿ ಉಳಿಯಬೇಕು. ಆನೆಯ ಲದ್ದಿ ನನ್ನ ಕಣ್ಣ ಮುಂದಿತ್ತು. "ಅಪ್ಪಾ, ಓಗಾನ. ಸ್ಟೇಷನ್ನಲ್ಲಿ ಯಾರಿಗಾದ್ರೂ ಹೇಳಾನ," ಅಂತ ಗಂಡ ರಟ್ಟೆ ಹಿಡಿದರು. ಮಾವ ಕೊಡವಿಕೊಂಡ ರಭಸಕ್ಕೆ ಗಂಡ ಕೂತುಬಿಟ್ಟರು.

"ನೀವು ಓಗ್ರಿ. ನಾನು ಒಂದ್ಸಲ ಬಿಟ್ಟು ಓಗಿದ್ದೆ," ಅಂದರು ಮಾವ.

ಅವರ ಅಂಗೈ ಸುಲಿದು ಕಲ್ಲಿಗೆ ರಕ್ತ ಹತ್ತಿತ್ತು. ಬೆಳಗ್ಗೆಯಿಂದ ಹನಿ ನೀರು ಕುಡಿದಿರಲಿಲ್ಲ. ನಾನು ಅಳುತ್ತ ನಿಂತೆ. ನನ್ನ ಹಟದಿಂದ, ನನ್ನ ಬೆವೆತ ಕೈಯಿಂದ ಇದೆಲ್ಲ ಆಯಿತು, ಈ ಮನುಷ್ಯ ಇಲ್ಲೇ ಬಡಿಯುತ್ತ ಬಡಿಯುತ್ತ ಸಾಯುತ್ತಾನೆ ಅಂತ ಭಯವಾಯಿತು. ಒಳಗಿನ ಸದ್ದಿಗಿಂತ ಆ ಭಯ ದೊಡ್ಡದಾಗಿತ್ತು.

ಅತ್ತೆ ಕ್ಯಾರಿಯರ್ ಹಿಡಿದು ಬಂಡೆಯ ಮೇಲೆ ಬಂದರು. ಮಾವನ ಎದುರಿಗೆ ಕೂತು ಡಬ್ಬಿಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಕೈ ನೀಡಿದರು.

"ಕಲ್ಲು ಇತ್ತ ಕೊಡಿ."

ಮಾವ ಕೊಡಲಿಲ್ಲ.

"ಅವತ್ತು ಶಾಫ್ಟಿನ ಬಾಯತ್ರ ಕ್ಯಾರಿಯರ್ ಇಡ್ಕೊಂಡು ನಿಂತಿದ್ದು ನಾನು. ಉಣ್ಣಾಕೆ ಮೇಲಕ್ಕೆ ಬರ್ಲಿ ಅಂತ ಹೇಳಿ ಕಳಿಸ್ದೆ, ನೀವು ಬರಲ್ಲ ಅಂದ್ರಿ. ತಿರುಗಾ ಕಳಿಸ್ದೆ. ನಿನ್ ಎಂಡ್ರು ಬಿದ್ದೋಗವಳೆ ಅಂತ ಸುಳ್ಳು ಹೇಳಿ ಕಳಿಸ್ದೆ. ಮಗ ಅಂತೂ ಒಳಗೆ ಸಿಕ್ಕೊಂಡವ್ನೆ, ನೀವೂ ಉಣ್ಣದೆ ಸತ್ತೋದ್ರೆ ಅಂತ ನಂಗೆ ಭಯ. ಓಡ್ಬಂದ್ರಿ. ನಾನು ನೆಟ್ಟಗೆ ನಿಂತಿದ್ನ ಕಂಡ್ರಿ. ಆದ್ರೂ ಬಯ್ಲಿಲ್ಲ, ಕೂತು ಉಂಡ್ರಿ. ಆರು ವರ್ಷ ಇಬ್ರೂ ಬಾಯಿ ಬಿಟ್ಟಿಲ್ಲ." ಅತ್ತೆ ಚಾಚಿದ ಕೈಯನ್ನು ಇನ್ನಷ್ಟು ಮುಂದೆ ನೀಡಿದರು. "ಬಿಟ್ಟು ಬಂದಿದ್ದು ನೀವಲ್ಲ. ಕರ್ದಿದ್ದು ನಾನು. ಈಗ ನಾನು ತಟ್ತೀನಿ. ನೀವು ಕೂತು ಉಣ್ಣಿ. ಉಂಡು ಮುಗ್ಸೋಗಂಟ ನಿಲ್ಸಲ್ಲ."

ಮಾವ ಅವರನ್ನೇ ನೋಡಿದರು. ಕೆಳಗಿನಿಂದ ಮೂರು ಏಟು ಬಂತು. ಅತ್ತೆ ಅವರ ಬೆರಳುಗಳನ್ನು ಬಿಡಿಸಿ ಕಲ್ಲು ತೆಗೆದುಕೊಂಡು ಮೂರು ತಟ್ಟಿದರು.

ಮಾವ ಕೂತರು. ಮೊಣಕಾಲು ಮಡಿಸಲು ಬಹಳ ಹೊತ್ತು ಬೇಕಾಯಿತು, ಮರೆತುಹೋದ ಕೆಲಸ ಮಾಡುವವರ ಹಾಗೆ. ನಾನು ಅನ್ನಕ್ಕೆ ಸಾರು ಬಡಿಸಿದೆ. ರಕ್ತ ಹತ್ತಿದ ಕೈಯಲ್ಲೇ ಕಲಸಿ ಬಾಯಿಗಿಟ್ಟರು. ಅಳುತ್ತಿದ್ದರು, ಅಗಿಯುತ್ತಿದ್ದರು. ನನ್ನ ಗಂಡ ಮುಖ ತಿರುಗಿಸಿ ಕೂತಿದ್ದರು. ಅತ್ತೆ ತಟ್ಟುವುದು, ಒಳಗಿನಿಂದ ಉತ್ತರ ಬರುವುದು, ತಟ್ಟುವುದು, ಬರುವುದು. ಎರಡನೆಯ ಸಲ ಬಡಿಸಿದೆ, ಉಂಡರು. ಮೊಸರನ್ನ ಉಂಡರು. ಡಬ್ಬಿ ಬಳಿದು ಬೆರಳು ನೆಕ್ಕಿ, "ಆಯ್ತು," ಅಂದರು.

ಅತ್ತೆ ಕೊನೆಯ ಸಲ ಮೂರು ತಟ್ಟಿದರು. ಉಸಿರೆಳೆದುಕೊಂಡು, ಒಂದು.

ಎತ್ತು.

ಬೆಟ್ಟವೆಲ್ಲ ಮೊಳಗಿ ಸುಮ್ಮನಾಯಿತು. ನಾವು ನಾಲ್ವರೂ ಕಾದೆವು. ಮಾವನ ಎಂಜಲು ಕೈ ಒಣಗುವಷ್ಟು ಹೊತ್ತು ಕಾದೆವು. ಕೆಳಗಿನಿಂದ ಏನೂ ಬರಲಿಲ್ಲ. ಎಲ್ಲೋ ಒಂದು ಹಕ್ಕಿ ಕೂಗಿತು, ಬೆಟ್ಟ ಹತ್ತಿದ ಮೇಲೆ ನಾನು ಕೇಳಿದ ಮೊದಲ ಹಕ್ಕಿ.

"ಮೇಲಕ್ಕೆ ಬಂದ," ಅಂದರು ಮಾವ.

ಅತ್ತೆ ಕಲ್ಲನ್ನು ಗುಳಿಯಲ್ಲಿಟ್ಟು ಡಬ್ಬಿಗಳನ್ನು ಜೋಡಿಸಿದರು. ಓಡೋಡಿ ಇಳಿದು, ಇನ್ನೇನು ಹೊರಟಿದ್ದ ಪ್ಯಾಸೆಂಜರ್ ಹಿಡಿದೆವು. ಬಂಗಾರಪೇಟೆಯ ತನಕ ಮಾವ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ಬೋಗಿಯಲ್ಲಿದ್ದ ಜನರ ಎದುರಿಗೆ ಹಾಗೆ ಕೂರಲು ಅತ್ತೆಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಮರುದಿನದಿಂದ ಮಾವ ಮಣೆ ಹಾಕಿಕೊಂಡು ಕೂತು ಉಣ್ಣತೊಡಗಿದರು. ಆದರೆ ಒಂದು ಕರಾರು ಇತ್ತು, ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಅವರು ಉಣ್ಣುವಷ್ಟು ಹೊತ್ತೂ ಅತ್ತೆ ಒರಳಿನ ಪಕ್ಕ ಕೂತು ಗುಂಡುಕಲ್ಲಿನಿಂದ ಮೆಲ್ಲಗೆ ಮೂರು ಮೂರು ತಟ್ಟುತ್ತಿದ್ದರು. ಅವರು ಕೈ ತೊಳೆದ ಮೇಲೆ ನಿಲ್ಲಿಸುತ್ತಿದ್ದರು. ನೆಂಟರು ಕೇಳಿದರೆ ಬೆಳ್ಳುಳ್ಳಿ ಜಜ್ಜುತ್ತಿದ್ದೇನೆ ಅನ್ನುತ್ತಿದ್ದರು. ಬೆಟ್ಟದಲ್ಲಿ ಕೇಳಿದ್ದು ಏನು ಅಂತ ನಾವು ಯಾರೂ ಮತ್ತೆ ಮಾತೆತ್ತಲಿಲ್ಲ.

ಅರವತ್ತರ ದಶಕದ ನಡುವಿನಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡರು. ತಿಥಿ ಕಳೆದ ಮರುದಿನ ಮಾವ ತಟ್ಟೆ ಎತ್ತಿಕೊಂಡು ಬಾಗಿಲಿಗೆ ಹೋಗುತ್ತಿದ್ದುದನ್ನು ಕಂಡೆ. ನಾನು ಒರಳಿನ ಬಳಿ ಹೋಗಿ ಕೂತು ಗುಂಡುಕಲ್ಲು ಎತ್ತಿ ಮೂರು ತಟ್ಟಿದೆ. ಅವರು ತಿರುಗಿ ಬಂದು ಮಣೆಯ ಮೇಲೆ ಕೂತರು. ಅಂದಿನಿಂದ ಆ ಕೆಲಸ ನನ್ನದಾಯಿತು.

ಬರುಬರುತ್ತ ಮಾವನ ಕಿವಿ ಮಂದವಾಯಿತು. ಪೈಪಿನ ಮೇಲಿನ ಏಟನ್ನು ಕಲ್ಲುಗಳ ಆಚೆಯಿಂದ ಹಿಡಿಯುತ್ತಿದ್ದ ಕಿವಿಗೆ ನಾನು ಕೂಗಿದರೂ ಕೇಳಿಸುತ್ತಿರಲಿಲ್ಲ. ನನ್ನ ಕೈಯಾಡುವುದನ್ನು ನೋಡಿಕೊಂಡೇ ಉಣ್ಣುತ್ತಿದ್ದರು. ಹಾಗಿರುವಾಗ ಒಂದು ಮಧ್ಯಾಹ್ನ, ಮತ್ತೊಂದು ಅವರೆಕಾಯಿಯ ಕಾಲ, ನಾನು ಮೂರು ತಟ್ಟಿ ಕೈಯೆತ್ತಿದ್ದೆ. ಒರಳಿನ ಬುಡದಿಂದ, ನೆಲದ ಆಳದಿಂದ, ಮೂರು ಏಟು ಬಂತು. ಅದೇ ಮಂದವಾದ ಸದ್ದು. ಅಂಗಾಲಿಗೆ ಮೊದಲು ತಿಳಿಯಿತು.

ನಾನು ಮಾವನ ಮುಖ ನೋಡಿದೆ. ಅವರಿಗೆ ಏನೂ ಕೇಳಿಸಿರಲಿಲ್ಲ. ಖಾಲಿ ತಟ್ಟೆಯನ್ನು ನನ್ನ ಕಡೆ ಸರಿಸಿ, "ಇನ್ನೊಂದು ಸೌಟು ಆಕಮ್ಮಿ, ಇವತ್ತು ಸಾರು ಚೆನ್ನಾಗೈತೆ," ಅಂದರು.

ಅದು ಯಾರ ಮಗನೋ ನನಗೆ ಗೊತ್ತಿರಲಿಲ್ಲ. ಮೂರು ತಟ್ಟಿದೆ, ಆಮೇಲೆ ಒಂದು ತಟ್ಟಿದೆ. ಗುಂಡುಕಲ್ಲು ಕೆಳಗಿಟ್ಟು ಎದ್ದು ಹೋಗಿ ಮಾವನ ತಟ್ಟೆಗೆ ಸಾರು ಬಡಿಸಿದೆ.